ಗೇಟಿನಲ್ಲಿ ಕೇಳಿದ ಮಾತು

ಕಳೆದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಅವತ್ತೇ ಉತ್ತರ ಕೊಟ್ಟಿದ್ದರೆ ಜಗಳವಾಗುತ್ತಿತ್ತು. “ಡಾಕ್ಟರುಗಳಿಗೆ ಹೊಡೆಯುತ್ತಾರೆಂದು ಎಲ್ಲ ಕಡೆಯೂ ಸೆಕ್ಯೂರಿಟಿ ಬಿಗಿ ಮಾಡಿದ್ದಾರೆ. ಅದರಲ್ಲಿ ನಿಮ್ಮ ಕಾಸರಗೋಡಿನವರದ್ದೇನು ಬೇರೆ ಗೋಳು? ಎಪ್ಪತ್ತು ವರ್ಷ ಕೇರಳದಲ್ಲಿದ್ದೂ ಮಲಯಾಳ ಕಲಿಯಲಿಲ್ಲವೇ?” ಎಂದು ನೀನು ಕೇಳಿದೆ. ನೀನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಗೊತ್ತು. ಅದಕ್ಕೇ ಕುಳಿತು ಬರೆಯುತ್ತಿದ್ದೇನೆ.

ಕಾವಲು ಬೇಡ ಎನ್ನುವವನು ನಾನಲ್ಲ. 2023ರ ಮೇ 10ರ ನಸುಕಿನಲ್ಲಿ ಕೊಲ್ಲಂ ಜಿಲ್ಲೆಯ ಕೊಟ್ಟಾರಕ್ಕರ ತಾಲ್ಲೂಕು ಆಸ್ಪತ್ರೆಯಲ್ಲಿ, ಪೊಲೀಸರೇ ಚಿಕಿತ್ಸೆಗೆಂದು ಕರೆತಂದವನ ಇರಿತಕ್ಕೆ ಹೌಸ್ ಸರ್ಜನ್ ಡಾ. ವಂದನಾ ದಾಸ್ ಬಲಿಯಾದರು. ಆ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅಣ್ಣನ ಮಗಳು ಆಗ ಎಂ.ಬಿ.ಬಿ.ಎಸ್. ಓದುತ್ತಿದ್ದಳು. ಅದೇ ತಿಂಗಳು ಕೇರಳ ಸರ್ಕಾರ 2012ರ ಆಸ್ಪತ್ರೆ ರಕ್ಷಣಾ ಕಾನೂನಿಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದಿತು. ತೀವ್ರವಾಗಿ ಗಾಯಗೊಳಿಸಿದವರಿಗೆ 7 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಗೇಟಿನಲ್ಲಿ ನಿಲ್ಲುವ ಕಾವಲುಗಾರರಿಗೂ ಆ ರಕ್ಷಣೆ ಸಿಕ್ಕಿತು. ಮರುವರ್ಷ ಆಗಸ್ಟಿನಲ್ಲಿ ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಅತ್ಯಾಚಾರ, ಕೊಲೆ ನಡೆದದ್ದು ನಿನಗೂ ಗೊತ್ತಿದೆ. ಇಷ್ಟೆಲ್ಲ ಆದ ಮೇಲೆ ಗೇಟು ತೆರೆದೇ ಇಡಿ ಎಂದು ಯಾವ ಬಾಯಲ್ಲಿ ಹೇಳಲಿ?

ನನ್ನ ತಕರಾರು ಗೇಟಿನ ಬಗ್ಗೆ ಅಲ್ಲ, ಗೇಟಿನಲ್ಲಿ ಆಡುವ ಭಾಷೆಯ ಬಗ್ಗೆ.

ನಾನು ಚಿಕ್ಕವನಿದ್ದಾಗ ಅಜ್ಜನಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಮನೆಯವರು ಐದು ಮಂದಿ ಆಸ್ಪತ್ರೆಯ ವರಾಂಡದಲ್ಲಿ ಚಾಪೆ ಹಾಸಿ ಮಲಗಿದ್ದೆವು. ಗಂಜಿ, ಉಪ್ಪಿನಕಾಯಿ ಮನೆಯಿಂದಲೇ ಬರುತ್ತಿತ್ತು. ಇಡೀ ಆಸ್ಪತ್ರೆಗೆ ಒಬ್ಬರೇ ವಾಚ್‌ಮನ್. ಅವರು ತುಳುವಿನಲ್ಲಿ ಗದರುತ್ತಿದ್ದರು, ಕನ್ನಡದಲ್ಲಿ ಸಮಾಧಾನ ಹೇಳುತ್ತಿದ್ದರು, ಡಾಕ್ಟರ್ ಬಂದರೆ ಮಲಯಾಳದಲ್ಲಿ ಮಾತನಾಡುತ್ತಿದ್ದರು. ಯಾರ ಮನೆಯವರು ಯಾವ ಹಾಸಿಗೆಯವರೆಂದು ಅವರಿಗೆ ಬಾಯಿಪಾಠವಿತ್ತು. ರಾತ್ರಿ ಕುಡಿದು ಬಂದು ಗಲಾಟೆ ಮಾಡಿದವನೊಬ್ಬನನ್ನು “ನಿನ್ನ ಅಪ್ಪನಿಗೆ ಹೇಳಿಕಳಿಸಲೇ?” ಎಂಬ ಒಂದೇ ಮಾತಿನಲ್ಲಿ ಹೊರಗೆ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ಕ್ಯಾಮೆರಾ ಇದೆ, ಸಮವಸ್ತ್ರವಿದೆ, ಓ.ಪಿ. ಚೀಟಿ ತೋರಿಸಬೇಕು, ರೋಗಿಯ ಜೊತೆ ನಿಲ್ಲುವವರಿಗೆ ಬೈಸ್ಟ್ಯಾಂಡರ್ ಪಾಸ್ ಬೇಕು. ಗಾರ್ಡುಗಳಲ್ಲಿ ನಿವೃತ್ತ ಸೈನಿಕರಿದ್ದಾರೆ, ಶಿಸ್ತಿನವರು. ಆದರೆ ಏಜೆನ್ಸಿ ಕಳಿಸಿದ ಕಡೆ ಹೋಗಬೇಕಾದ ಅವರಲ್ಲಿ ಎಷ್ಟೋ ಮಂದಿ ದೂರದ ತೆಂಕಣ ಜಿಲ್ಲೆಗಳವರು. ಕನ್ನಡ, ತುಳು ಅವರ ಕಿವಿಗೆ ಬಿದ್ದದ್ದೇ ಇಲ್ಲಿಗೆ ಬಂದ ಮೇಲೆ.

ಚಿಕ್ಕಪ್ಪನನ್ನು ಐ.ಸಿ.ಯು.ಗೆ ಸೇರಿಸಿದ್ದಾಗಿನ ಮಾತು. ಚಿಕ್ಕಮ್ಮ ಪೈವಳಿಕೆ ಕಡೆಯವರು. ಮನೆಯಲ್ಲಿ ತುಳು, ಓದಿದ್ದು ಕನ್ನಡ. ಮೂರನೆಯ ದಿನ ಸಂಜೆ ನಾನು ಔಷಧಿ ತರಲು ಹೋಗಿದ್ದಾಗ ಅವರೊಬ್ಬರೇ ಗೇಟಿಗೆ ಹೋಗಿ, ಗಂಡನ ಹೆಸರು ಹೇಳಿ, ಒಳಗೆ ಬಿಡುತ್ತೀರಾ ಎಂದು ಕೇಳಿದ್ದಾರೆ. ಗಾರ್ಡ್ ಪಟ್ಟಿ ನೋಡಿ, ತಲೆ ಅಲ್ಲಾಡಿಸಿ ಹೇಳಿದ್ದು ಒಂದೇ ಮಾತು: “ಇನ್ನಿಲ್ಲ.”

ಮಲಯಾಳದಲ್ಲಿ ‘ಇನ್ನ್’ ಎಂದರೆ ಇವತ್ತು. ಇವತ್ತು ಭೇಟಿಗೆ ಅವಕಾಶ ಇಲ್ಲ ಎಂದಷ್ಟೇ ಅವರು ಹೇಳಿದ್ದು. ಪತ್ರಿಕೆ ಓದುವ ಕನ್ನಡದ ಹೆಂಗಸಿಗೆ, ಅದೂ ಗಂಡನ ಹೆಸರು ಹೇಳಿದ ಬೆನ್ನಿಗೆ, ‘ಇನ್ನಿಲ್ಲ’ ಎಂದರೆ ಏನು ಎಂದು ನಿನಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಾನು ವಾಪಸು ಬಂದಾಗ ಚಿಕ್ಕಮ್ಮ ಗೇಟಿನ ಕಂಬಿ ಹಿಡಿದುಕೊಂಡು ಕುಸಿದು ಕುಳಿತಿದ್ದರು. ಕೈಯಲ್ಲಿದ್ದ ಕಾಫಿಯ ಫ್ಲಾಸ್ಕ್ ಉರುಳಿ ಮೆಟ್ಟಿಲ ಮೇಲೆಲ್ಲ ಕಾಫಿ. ಅವರ ಅಳು ಕೇಳಿ ಸೇರಿದ ನಮ್ಮೂರಿನ ಹುಡುಗರು ಇಬ್ಬರು ಗಾರ್ಡಿನ ಅಂಗಿಗೆ ಕೈ ಹಾಕಿದ್ದರು. ಯಾಕೆ ಹೇಳಲಿಲ್ಲ, ಯಾವಾಗ ಆಯಿತು, ಹೆಣವನ್ನಾದರೂ ತೋರಿಸಿ ಎಂದು ಕೂಗಾಟ. ಆ ಮನುಷ್ಯನಿಗೆ ಒಂದು ಅಕ್ಷರವೂ ಅರ್ಥವಾಗದೆ ಅವರೂ ಗಟ್ಟಿಯಾಗಿ ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ: ಇನ್ನಿಲ್ಲ, ಇನ್ನಿಲ್ಲ! ನಾನು ನಡುವೆ ನುಗ್ಗಿ ಎರಡೂ ಭಾಷೆಯಲ್ಲಿ ಕಿರುಚದೇ ಹೋಗಿದ್ದರೆ ಆ ಇಬ್ಬರು ಹುಡುಗರು ಹೊಸ ಕಾನೂನಿನ ಕೆಳಗೆ ಜೈಲಿಗೆ ಹೋಗುತ್ತಿದ್ದರು. ಮರುದಿನದ ಪತ್ರಿಕೆಯಲ್ಲಿ ‘ಆಸ್ಪತ್ರೆ ಸಿಬ್ಬಂದಿ ಮೇಲೆ ಹಲ್ಲೆ’ ಎಂದು ಬರುತ್ತಿತ್ತು. ಅದೂ ಸುಳ್ಳಾಗುತ್ತಿರಲಿಲ್ಲ.

ನನ್ನ ವಾದ ಇಷ್ಟೇ. ರೋಗಿಯ ಕಡೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದೂ ಭದ್ರತೆಯೇ. ಕ್ಯಾಮೆರಾಗೆ ದುಡ್ಡು ಕೊಡುವವರು ಕನ್ನಡ ಬಲ್ಲ ಒಬ್ಬ ಗಾರ್ಡನ್ನು ಪ್ರತಿ ಪಾಳಿಗೆ ಹಾಕುವುದು ದೊಡ್ಡ ಕೆಲಸವಲ್ಲ. ಇದು ಸಪ್ತಭಾಷೆಗಳ ನೆಲ. ಕನ್ನಡ, ತುಳು, ಮಲಯಾಳ ಮೂರನ್ನೂ ಬಲ್ಲ ಹುಡುಗರು ಕೆಲಸಕ್ಕಾಗಿ ಅಲೆಯುತ್ತಿದ್ದಾರೆ. ಮನವಿ ಕೊಟ್ಟಿದ್ದೇನೆ, ಮೂರು ಸಲ. ಬೋರ್ಡಿನಲ್ಲಿ ಕನ್ನಡ ಇದೆಯಲ್ಲ ಎಂಬ ಉತ್ತರ ಬಂತು. ಬೋರ್ಡು ಮಾತನಾಡುವುದಿಲ್ಲ.

ಮಲಯಾಳ ಕಲಿಯಲಿಲ್ಲವೇ ಎಂದೆಯಲ್ಲ. ನಾನು ಕಲಿತಿದ್ದೇನೆ, ನನ್ನ ಮಕ್ಕಳು ನನಗಿಂತ ಚೆನ್ನಾಗಿ ಓದುತ್ತಾರೆ. ಆದರೆ ನನ್ನ ಅಜ್ಜ ಎಲ್ಲಿಂದಲೂ ವಲಸೆ ಬಂದವರಲ್ಲ. 1956ರ ಅಕ್ಟೋಬರ್ 31ರ ರಾತ್ರಿ ಅವರು ದಕ್ಷಿಣ ಕನ್ನಡ ಜಿಲ್ಲೆಯ ಮನೆಯಲ್ಲಿ ಮಲಗಿ, ಮರುದಿನ, ರಾಜ್ಯಗಳ ಗಡಿ ಹೊಸದಾಗಿ ಎಳೆದದ್ದರಿಂದ, ಅದೇ ಮನೆಯಲ್ಲಿ ಕೇರಳದಲ್ಲಿ ಎದ್ದರು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು, ಗಡಿ ತಕರಾರು ನೋಡಲು ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ಬರೆದದ್ದು ಕಾಗದದಲ್ಲೇ ಉಳಿಯಿತು. ಅದನ್ನು ಈಗ ಕೆದಕುತ್ತಿಲ್ಲ. ಎದೆನೋವು ಬಂದ ಹೊತ್ತಿಗೆ ಮನುಷ್ಯನಿಗೆ ತಾಯಿಭಾಷೆಯೊಂದೇ ಬಾಯಿಗೆ ಬರುತ್ತದೆ, ಅಷ್ಟನ್ನು ಒಪ್ಪಿಕೊ.

ಹಾಗಾದರೆ ಮಂಗಳೂರಿಗೇ ಹೋಗಿ ಎನ್ನಬೇಡ. ಹೋಗುತ್ತೇವೆ, ತಲೆಮಾರುಗಳಿಂದ ಹೋಗಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ, ಕೋವಿಡ್ ಹೊತ್ತಿಗೆ, ಕರ್ನಾಟಕ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ನಮ್ಮ ಪಾಲಿಗೆ ಆಸ್ಪತ್ರೆಯ ಗೇಟು ಆ ಗಡಿಗೇ ಬಂದು ನಿಂತಿತು. ಆಂಬುಲೆನ್ಸ್ ತಿರುಗಿ ಬಂತು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಪ್ರಕರಣ ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಅಲ್ಲಿ ತಡೆದು ನಿಲ್ಲಿಸಿದವರು ನನ್ನ ಭಾಷೆಯಲ್ಲೇ ಮಾತನಾಡಿದರು. ಆ ನೋವು ಬೇರೆ. ಬರೆಯಲು ಹೋದರೆ ಕೈ ನಡುಗುತ್ತದೆ.

ಚಿಕ್ಕಪ್ಪ ಬದುಕಿದರು, ಈಗ ತೋಟಕ್ಕೆ ಹೋಗುತ್ತಾರೆ. ಆ ಗಾರ್ಡ್ ಒಳ್ಳೆಯ ಮನುಷ್ಯ. ವಿಷಯ ತಿಳಿದ ಮೇಲೆ ಚಿಕ್ಕಮ್ಮನಿಗೆ ತಮ್ಮ ಕುರ್ಚಿ ಕೊಟ್ಟು, ನೀರು ತಂದು, ಕೈಮುಗಿದರು. ನನ್ನಿಂದ ‘ಇವತ್ತು ಬೇಡ, ನಾಳೆ ಬನ್ನಿ’ ಎಂಬುದನ್ನು ಪಾಸಿನ ಹಿಂದೆ ಮಲಯಾಳ ಲಿಪಿಯಲ್ಲಿ ಬರೆಸಿಕೊಂಡರು. ಆರು ತಿಂಗಳಲ್ಲಿ ಅವರನ್ನು ಬೇರೆ ಊರಿಗೆ ಹಾಕಿದರು.

ಮೊನ್ನೆ ಅಮ್ಮನ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋದಾಗ ಗೇಟಿನಲ್ಲಿ ಹೊಸಬರಿದ್ದರು. ನಮ್ಮ ಮುಂದೆ ನಿಂತಿದ್ದ ಮುದುಕಿಯೊಬ್ಬರಿಗೆ ಅವರು ಅದೇ ಮಾತು ಹೇಳಿದರು. ಆ ಅಜ್ಜಿಯ ಮುಖ ಬಿಳಿಚಿಕೊಳ್ಳುವ ಮೊದಲೇ ನಾನು ಅವರ ಭುಜ ಮುಟ್ಟಿ, ಇವತ್ತು ಇಲ್ಲ, ನಾಳೆ ಬನ್ನಿ ಎಂದು ತುಳುವಿನಲ್ಲಿ ಹೇಳಿದೆ: “ಇನಿ ಇಜ್ಜಿ ಅಮ್ಮ, ಎಲ್ಲೆ ಬಲೆ.”