ಟೀಚರ್‌ಗಳಿಗೂ ಹೆಡ್‌ಮಾಸ್ಟರಿಗೂ ಜಗಳ, ನಡುವೆ ನಾವು ಏನು ಮಾಡೋಣ?

ಪ್ರಶ್ನೆ: ಮೇಡಂ, ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಮಗಳು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ಕ್ಲಾಸು. ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಎರಡು ತಿಂಗಳಿಂದ ಹೆಡ್‌ಮಾಸ್ಟರಿಗೂ ನಾಲ್ಕು ಜನ ಟೀಚರ್‌ಗಳಿಗೂ ಮಾತೇ ಇಲ್ಲ. ರಜೆ ಕೊಡುವುದಿಲ್ಲ, ಮಕ್ಕಳ ಮುಂದೆಯೇ ಬೈಯುತ್ತಾರೆ ಅಂತ ಟೀಚರ್‌ಗಳು ಹೇಳುತ್ತಾರೆ. ಲೇಟಾಗಿ ಬರುತ್ತಾರೆ, ಕ್ಲಾಸಿನಲ್ಲಿ ಮೊಬೈಲು ನೋಡುತ್ತಾರೆ, ಕೇಳಿದರೆ ಗುಂಪು ಕಟ್ಟುತ್ತಾರೆ ಅಂತ ಹೆಡ್‌ಮಾಸ್ಟರು ಹೇಳುತ್ತಾರೆ. ಈಗ ಟೀಚರ್‌ಗಳು ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಕೊಡಲು ಅರ್ಜಿ ಬರೆದು ನಮ್ಮ ಸಹಿ ಕೇಳುತ್ತಿದ್ದಾರೆ. ಹೆಡ್‌ಮಾಸ್ಟರಿಗೆ ಎಸ್‌ಡಿಎಂಸಿಯಿಂದ ತಮ್ಮ ಪರವಾಗಿ ನಿರ್ಣಯ ಬೇಕಂತೆ. ಊರಲ್ಲಿ ಕೆಲವರು ಸೋಮವಾರ ಶಾಲೆಗೆ ಬೀಗ ಹಾಕೋಣ ಅಂತಿದ್ದಾರೆ. ನಾನು ಯಾರ ಕಡೆ ನಿಲ್ಲಲಿ?

ಉತ್ತರ: ಮೊದಲು ಆ ಬೀಗದ ವಿಷಯ ಮುಗಿಸೋಣ, ಸೋಮವಾರ ಹತ್ತಿರದಲ್ಲೇ ಇದೆ.

ಬೀಗ ಹಾಕಿದ ದಿನ ಹೆಡ್‌ಮಾಸ್ಟರ ಸಂಬಳ ನಿಲ್ಲುವುದಿಲ್ಲ, ಟೀಚರ್‌ಗಳದ್ದೂ ನಿಲ್ಲುವುದಿಲ್ಲ. ನಿಲ್ಲುವುದು ಮಕ್ಕಳ ಹಾಲು, ಬಿಸಿಯೂಟ, ಪಾಠ. ಆರರಿಂದ ಎಂಟನೇ ಕ್ಲಾಸಿಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅದರಲ್ಲಿ ಒಂದು ದಿನ ನಿಮ್ಮೂರಿನವರೇ ಕಿತ್ತುಕೊಂಡ ಹಾಗೆ. ಇನ್ನು ಬೀಗ ಹಾಕಿದರೆ 'ಅವರನ್ನ ಇಲ್ಲಿಂದ ಎತ್ತುತ್ತಾರೆ' ಅನ್ನುವ ನಂಬಿಕೆ ಇದೆಯಲ್ಲ, ಅದೂ ಅಷ್ಟು ಸುಲಭ ಇಲ್ಲ. ಶಿಕ್ಷಕರ ವರ್ಗಾವಣೆಗೆ ಅಂತಲೇ ನಮ್ಮ ರಾಜ್ಯದಲ್ಲಿ 2020ರ ಕಾಯ್ದೆ ಇದೆ, ಕೌನ್ಸೆಲಿಂಗ್ ಇದೆ. ಗೇಟಿನ ಮುಂದೆ ನಿಂತ ಬಿಇಒ ಜನ ಸಮಾಧಾನವಾಗಲಿ ಅಂತ ಏನೋ ಒಂದು ಹೇಳಿ ಹೋಗಬಹುದು. ಹೆಚ್ಚೆಂದರೆ ಒಬ್ಬರನ್ನು ನಿಯೋಜನೆ ಮೇಲೆ ಬೇರೆ ಕಡೆ ಕಳಿಸುತ್ತಾರೆ. ಆ ಜಾಗಕ್ಕೆ ಯಾರೂ ಬರಲಿಲ್ಲ ಅಂದರೆ ಕೊನೆಗೆ ಇಂಗ್ಲಿಷಿಗೆ ಟೀಚರಿಲ್ಲದೆ ಕೂರುವುದು ನಿಮ್ಮ ಮಗಳು.

ಈಗ ಸಹಿ. ಅರ್ಜಿಯಲ್ಲಿ ಬರೆದಿರುವುದನ್ನು ನೀವು ಕಣ್ಣಾರೆ ನೋಡಿದ್ದೀರಾ? ನೋಡಿಲ್ಲ ಅಂದರೆ ಹಾಕಬೇಡಿ. ಟೀಚರ್ ಮುಖ ನೋಡಿ ದಾಕ್ಷಿಣ್ಯಕ್ಕೆ ಹಾಕುವ ಸಹಿ ಇದೆಯಲ್ಲ, ಅದು ನಾಳೆ ವಿಚಾರಣೆಗೆ ಬಂದಾಗ ನಿಮ್ಮ ಹೇಳಿಕೆ ಆಗುತ್ತದೆ. 'ರಜೆ ಕೊಡಲಿಲ್ಲ' ಅನ್ನುವುದು ನಿಮಗೆ ಹೇಗೆ ಗೊತ್ತು ಅಂತ ಅಧಿಕಾರಿ ಕೇಳಿದರೆ ಏನು ಹೇಳುತ್ತೀರಿ? 'ಟೀಚರ್ ಹೇಳಿದ್ರು' ಅಂದ ತಕ್ಷಣ ಆ ಅರ್ಜಿಯ ತೂಕ ಅರ್ಧ ಆಯಿತು, ಪಾಪ, ಟೀಚರ್‌ಗಳ ದೂರು ನಿಜವೇ ಆಗಿದ್ದರೂ. ಹೆಡ್‌ಮಾಸ್ಟರು ಕೇಳುತ್ತಿರುವ 'ನಮ್ಮ ಪರ' ನಿರ್ಣಯಕ್ಕೂ ಇದೇ ಮಾತು. ಬದಲಿಗೆ ನೀವೇ ಒಂದು ಕಾಗದ ಬರೆಯಿರಿ. ನೀವು ನೋಡಿದ್ದು, ನಿಮ್ಮ ಮಗಳಿಗೆ ಆದದ್ದು, ಅಷ್ಟೇ. 'ಇಂಥ ದಿನ ಎರಡನೇ ಪೀರಿಯಡ್‌ನಲ್ಲಿ ಟೀಚರ್ ಇರಲಿಲ್ಲ, ಮಕ್ಕಳು ಹೊರಗೆ ಆಡುತ್ತಿದ್ದರು' ಅಂತ ಬರೆದರೆ ಅದು ಯಾರ ಪರವೂ ಅಲ್ಲ, ಯಾರಿಗೂ ಸುಲಭಕ್ಕೆ ತಳ್ಳಿಹಾಕಲೂ ಆಗುವುದಿಲ್ಲ.

ಒಂದು ಸಂಗತಿ ತುಂಬಾ ಪೋಷಕರಿಗೆ ಗೊತ್ತಿಲ್ಲ, ನಾನು ಹೆಡ್‌ಮಿಸ್ಟ್ರೆಸ್ ಆದ ಮೇಲೂ ಎಷ್ಟೋ ದಿನ ಇದನ್ನು ಸರಿಯಾಗಿ ಓದಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಟೀಚರ್‌ಗಳ ಕರ್ತವ್ಯ ಹೇಳುತ್ತದೆ, ಜೊತೆಗೆ ಅವರ ಕುಂದುಕೊರತೆಯನ್ನೂ ಕೇಳಬೇಕು ಅನ್ನುತ್ತದೆ. ಮೊದಲು ಕೇಳಬೇಕಾದವರು ಯಾರು? ಕೇಂದ್ರದ 2010ರ ನಿಯಮದ ಪ್ರಕಾರ ಶಾಲಾ ನಿರ್ವಹಣಾ ಸಮಿತಿ. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ರಾಜಾ ರಾಮಣ್ಣ ಅವರ ಶಿಕ್ಷಣ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲೇ ನಮ್ಮ ರಾಜ್ಯದಲ್ಲಿ ಈ ಸಮಿತಿಗಳು ಹುಟ್ಟಿದವು. ಕಾಯ್ದೆ ಬಂದ ಮೇಲೆ ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ಅಪ್ಪ–ಅಮ್ಮಂದಿರೇ ಇರಬೇಕು, ಅರ್ಧದಷ್ಟು ಹೆಂಗಸರು ಇರಬೇಕು ಅಂತಾಯಿತು. ಅಂದರೆ ಈ ಜಗಳದಲ್ಲಿ ನೀವು ಬೇಲಿ ಮೇಲೆ ಕೂತು ನೋಡುವವರಲ್ಲ. ಕೇಳಿಸಿಕೊಳ್ಳುವ ಕುರ್ಚಿ ಕಾನೂನಿನಲ್ಲೇ ನಿಮಗೆ ಹಾಕಿಟ್ಟಿದ್ದಾರೆ. ಟೀಚರ್‌ಗಳು ಮನೆ ಮನೆಗೆ ಬಂದು ಸಹಿ ಕೇಳುವ ಬದಲು ಸಮಿತಿಗೆ ಲಿಖಿತವಾಗಿ ದೂರು ಕೊಡಲಿ, ಅದು ನೆಟ್ಟಗಿನ ದಾರಿ.

ಆದರೆ ಇಲ್ಲೊಂದು ತೊಡಕಿದೆ. ಸಮಿತಿಯ ಸದಸ್ಯ ಕಾರ್ಯದರ್ಶಿ ಯಾರು? ಅದೇ ಹೆಡ್‌ಮಾಸ್ಟರು. ಸಭೆ ಕರೆಯುವವರು ಅವರು, ನಡಾವಳಿ ಬರೆಯುವವರು ಅವರು, ದೂರು ಇರುವುದೂ ಅವರ ಮೇಲೆ! ಹಾಗಾಗಿ ಈ ವಿಷಯಕ್ಕೆ ಮಾತ್ರ ಅಧ್ಯಕ್ಷರು ಸಭೆ ನಡೆಸಲಿ. ನಡಾವಳಿಯನ್ನು ಓದು–ಬರಹ ಚೆನ್ನಾಗಿ ಬಲ್ಲ ಒಬ್ಬ ಪೋಷಕರು ಬರೆಯಲಿ. ಸಿಆರ್‌ಪಿಯನ್ನು (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯನ್ನು) ಕರೆಯಿರಿ. ಟೀಚರ್‌ಗಳ ಮಾತು ಒಂದು ಸಲ, ಹೆಡ್‌ಮಾಸ್ಟರ ಮಾತು ಇನ್ನೊಂದು ಸಲ, ಬೇರೆ ಬೇರೆ ಕೇಳಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿ 'ಹೇಳ್ರೀ ಈಗ' ಅಂದರೆ ಪಂಚಾಯ್ತಿ ಕಟ್ಟೆ ಆಗುತ್ತದೆ. ಆಗ ಯಾರ ಜಾತಿ, ಯಾವ ಪಕ್ಷ, ಹೋದ ಚುನಾವಣೆಯಲ್ಲಿ ಯಾರಿಗೆ ಯಾರು ಏನಂದರು, ಎಲ್ಲಾ ಎದ್ದು ಬರುತ್ತದೆ. (ಬರದೇ ಇದ್ದ ಊರು ನಾನಂತೂ ನೋಡಿಲ್ಲ.)

ಸಭೆಯಲ್ಲಿ ಏನು ಕೇಳಬೇಕು ಅನ್ನುವುದಕ್ಕೆ ನನ್ನದೇ ಒಂದು ಕಥೆ ಹೇಳುತ್ತೇನೆ. ನಾನು ಹೆಡ್‌ಮಿಸ್ಟ್ರೆಸ್ ಆಗಿದ್ದ ಒಂದು ಶಾಲೆಯಲ್ಲಿ ನನಗೂ ಮೂವರು ಟೀಚರ್‌ಗಳಿಗೂ ಸರಿ ಇರಲಿಲ್ಲ. ಶುರುವಾದದ್ದು ವೇಳಾಪಟ್ಟಿಯಿಂದ. ಏಳನೇ ಕ್ಲಾಸಿನ ಗಣಿತ ಯಾರಿಗೆ ಅನ್ನುವುದಕ್ಕೆ. ನಾನು ಒಬ್ಬರಿಗೆ ಹಾಕಿದೆ, ಅವರು ಆಗಲ್ಲ ಅಂದರು, ನಾನು ಮೆಮೋ ಕೊಟ್ಟೆ, ಅವರು ಸಂಘದವರನ್ನು ಕರೆದುಕೊಂಡು ಬಂದರು. ಪೋಷಕರ ಸಭೆ ಸೇರಿತು. ಎರಡೂ ಕಡೆಯವರು ಗಂಟೆಗಟ್ಟಲೆ ಮಾತಾಡಿದೆವು. ಕೊನೆಗೆ ಆಟೋ ಓಡಿಸುವ ಒಬ್ಬ ತಂದೆ ಎದ್ದು ನಿಂತು, 'ಮೇಡಂ, ಜುಲೈಯಿಂದ ನನ್ನ ಮಗನಿಗೆ ಲೆಕ್ಕ ಯಾರು ಹೇಳಿಕೊಡ್ತಿದಾರೆ?' ಅಂತ ಕೇಳಿದರು. ನಾನು ಟೀಚರ್ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಯಾರೂ ಹೇಳಿಕೊಡುತ್ತಿರಲಿಲ್ಲ. ಆ ಪೀರಿಯಡ್ಡಿಗೆ ಮಕ್ಕಳು ಮಗ್ಗಿ ಬರೆಯುತ್ತಾ ಕೂತಿರುತ್ತಿದ್ದರು. ಆ ಮನುಷ್ಯ ನನ್ನ ತಪ್ಪು ಯಾವುದು, ಅವರ ತಪ್ಪು ಯಾವುದು ಅಂತ ಕೇಳಲೇ ಇಲ್ಲ. ಮಾರನೇ ದಿನದಿಂದ ಗಣಿತ ನಾನೇ ತೆಗೆದುಕೊಂಡೆ. ನಾಚಿಕೆ ಆಗಿತ್ತು, ಸುಳ್ಳು ಹೇಳಲ್ಲ.

ನೀವು ಕೇಳಬೇಕಾದ್ದೂ ಇಂಥದ್ದೇ. ಯಾವ ಕ್ಲಾಸಿನಲ್ಲಿ ಎಷ್ಟು ಪಾಠ ಮುಗಿದಿದೆ? ಯಾವ ಪೀರಿಯಡ್ ಖಾಲಿ ಹೋಗುತ್ತಿದೆ? ಟೀಚರ್ ರಜೆ ಹಾಕಿದ ದಿನ ಆ ಕ್ಲಾಸಿಗೆ ಯಾರು ಹೋಗುತ್ತಾರೆ? ಲೇಟಾಗಿ ಬರುತ್ತಾರೆ ಅಂತಾರಲ್ಲ, ಹಾಜರಿ ಪುಸ್ತಕದಲ್ಲಿ ಏನಿದೆ? ಟೀಚರ್ ವಾರಕ್ಕೆ 45 ಗಂಟೆ ಕೆಲಸ ಮಾಡಬೇಕು, ಪಾಠದ ತಯಾರಿಯೂ ಅದರಲ್ಲೇ ಸೇರಿತು, ಅಂತ ಕಾಯ್ದೆಯ ಅನುಸೂಚಿಯಲ್ಲಿದೆ. ಹಾಗಂತ ಹೆಡ್‌ಮಾಸ್ಟರಿಗೆ ಮಕ್ಕಳ ಮುಂದೆ ಟೀಚರಿಗೆ ಬೈಯುವ ಹಕ್ಕು ಯಾರೂ ಕೊಟ್ಟಿಲ್ಲ. ಬೈದದ್ದು ಮಕ್ಕಳು ನೋಡಿದ್ದರೆ ಅದು ನಿಮಗೂ ಸಂಬಂಧಪಟ್ಟ ವಿಷಯವೇ. ಧೈರ್ಯವಾಗಿ ಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ.

ನಿಮ್ಮ ಕೈಯಲ್ಲಿ ಇಲ್ಲದ್ದೂ ಇದೆ. ಟೀಚರಿಗಾಗಲಿ ಹೆಡ್‌ಮಾಸ್ಟರಿಗಾಗಲಿ ಶಿಕ್ಷೆ ಕೊಡುವುದು ಸಮಿತಿಯ ಕೆಲಸ ಅಲ್ಲ. ಅದು ಇಲಾಖೆಯದು, ಅದಕ್ಕೆ ಸರ್ಕಾರಿ ನೌಕರರ ಶಿಸ್ತುಕ್ರಮದ 1957ರ ಸಿಸಿಎ ನಿಯಮ ಇದೆ, ವಿಚಾರಣೆ ಇದೆ. 'ಅವರಿಗೆ ಕೊಟ್ಟ ನೋಟಿಸ್ ತೋರಿಸಿ' ಅಂತ ಕೆಲವರು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುತ್ತಾರೆ. ನೌಕರರ ಮೆಮೋ, ಶೋಕಾಸ್ ನೋಟಿಸು ಇವೆಲ್ಲ ವೈಯಕ್ತಿಕ ಮಾಹಿತಿ ಅಂತ ಸುಪ್ರೀಂ ಕೋರ್ಟು 2012ರಲ್ಲೇ ಹೇಳಿಯಾಗಿದೆ, ಸಾಮಾನ್ಯವಾಗಿ ಸಿಗುವುದಿಲ್ಲ. ಎಸ್‌ಡಿಎಂಸಿ ಖಾತೆಯ ಲೆಕ್ಕ ಬೇರೆ ಮಾತು. ಅದನ್ನು ಸದಸ್ಯೆಯಾಗಿ ನೀವು ನೇರವಾಗಿಯೇ ಕೇಳಬಹುದು, ಕೇಳಿ ಕೂಡ.

ಸಮಿತಿಯಲ್ಲಿ ಆಗಲಿಲ್ಲ ಅಂದರೆ ಎರಡೂ ಕಡೆಯ ದೂರು, ನಡಾವಳಿ, ನಿಮ್ಮ ಕಾಗದ, ಮೂರನ್ನೂ ಸೇರಿಸಿ ಬಿಇಒ ಕಚೇರಿಗೆ ಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ.

ಇಷ್ಟೆಲ್ಲ ಹೇಳಿದ್ದು ರಜೆ, ವೇಳಾಪಟ್ಟಿ, ಮಾತು–ಬೈಗುಳದ ಜಗಳಕ್ಕೆ. ಮಗುವಿಗೆ ಹೊಡೆದಿದ್ದಾರೆ, ಮಗುವಿನ ಮೈ ಮುಟ್ಟಿದ್ದಾರೆ ಅಂತ ಆದರೆ ಸಮಿತಿ, ಸಭೆ ಅಂತ ಕಾಯಬೇಡಿ. ಹೊಡೆಯುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಲೈಂಗಿಕ ದೌರ್ಜನ್ಯ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಇನ್ನೊಂದು, ಹೆಡ್‌ಮಾಸ್ಟರು ಟೀಚರಮ್ಮನ ಜೊತೆ ಕೆಟ್ಟದಾಗಿ ನಡೆದುಕೊಂಡರು ಅನ್ನುವ ಮಾತು ಇದ್ದರೆ ಅದನ್ನು ನಿಮ್ಮ ಅರ್ಜಿಗೆ ಎಳೆದು ತರಬೇಡಿ. ಕೆಲಸ ಮಾಡುವವರು ಹತ್ತು ಜನರಿಗಿಂತ ಕಡಿಮೆ ಇರುವ ಶಾಲೆಯಾದರೆ ಆಕೆ ಜಿಲ್ಲಾ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಮೂರು ತಿಂಗಳೊಳಗೆ. ಆಕೆಯ ಹೆಸರು ಹೊರಗೆ ಬರಬಾರದು ಅಂತ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ, ನೀವು ಐವತ್ತು ಜನರ ಸಹಿ ಹಾಕಿಸಿ ಊರೆಲ್ಲ ಓಡಾಡಿಸಿದರೆ ಆಕೆಗೆ ಒಳ್ಳೆಯದು ಮಾಡಿದ ಹಾಗಲ್ಲ.

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮ ಮಗ ಓದುವ ಖಾಸಗಿ ಶಾಲೆಯಲ್ಲಿ (ರಾಜ್ಯ ಪಠ್ಯಕ್ರಮ) ಒಳ್ಳೆಯ ವಿಜ್ಞಾನ ಟೀಚರ್ ಇದ್ದರು. ಬಾಕಿ ಸಂಬಳ ಕೇಳಿದ್ದಕ್ಕೆ ಪ್ರಿನ್ಸಿಪಾಲರು ವರ್ಷದ ಮಧ್ಯೆ ಮನೆಗೆ ಕಳಿಸಿದರು ಅಂತ ಸುದ್ದಿ. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಕೆಂಡ ಕಾರುತ್ತಿದ್ದಾರೆ. ಅವರನ್ನು ವಾಪಸ್ ಕರೆಸುವುದು ಹೇಗೆ?

ಉತ್ತರ: ಆ ಟೀಚರನ್ನು ಯಾರಾದರೂ ಕೇಳಿದ್ದೀರಾ? ಇದು ಮೊದಲ ಪ್ರಶ್ನೆ. ಅವರಿಗೆ ಬೇಕಾಗಿರುವುದು ಬಾಕಿ ಸಂಬಳ, ಅನುಭವ ಪತ್ರ, ಮುಂದಿನ ಕೆಲಸ ಆಗಿರಬಹುದು. ನೀವು ಪ್ರಿನ್ಸಿಪಾಲರ ಚೇಂಬರಿನ ಮುಂದೆ ಕೂಗಾಡಿದರೆ 'ಪೋಷಕರನ್ನ ಎತ್ತಿಕಟ್ಟಿದವರು' ಅನ್ನುವ ಹೆಸರು ಅವರಿಗೆ ಬರುತ್ತದೆ. ಊರಿನ ಶಾಲೆಗಳ ಆಡಳಿತದವರು ಒಬ್ಬರಿಗೊಬ್ಬರು ಫೋನ್ ಮಾಡಿಕೊಳ್ಳುತ್ತಾರೆ, ಗೊತ್ತಲ್ವಾ?

ಅವರಿಗೆ ದಾರಿ ಇಲ್ಲ ಅಂತಲ್ಲ. ಟೀಚರು ಕಾರ್ಮಿಕರ ಲೆಕ್ಕಕ್ಕೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 1988ರಲ್ಲಿ ಹೇಳಿದೆ, ಆದ್ದರಿಂದ ಲೇಬರ್ ಕೋರ್ಟಿಗೆ ಅಲೆಯುವುದು ದಂಡ. ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮಿನಂತೆ ವಿಚಾರಣೆ ಮಾಡದೆ ನೌಕರರನ್ನು ವಜಾ ಮಾಡುವಂತಿಲ್ಲ. ಮಾಡಿದರೆ 94ನೇ ಕಲಮಿನಲ್ಲಿ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅವಧಿ ಮೂರೇ ತಿಂಗಳು. ಅವರಿಗೆ ನಿಜವಾಗಿ ಸಹಾಯ ಮಾಡಬೇಕು ಅಂತಿದ್ದರೆ ಈ ಮೂರು ತಿಂಗಳ ವಿಷಯ ಇವತ್ತೇ ಹೇಳಿ, ಒಬ್ಬ ಒಳ್ಳೆಯ ವಕೀಲರ ನಂಬರ್ ಕೊಡಿ. ನೂರು ಕೆಂಡದ ಮೆಸೇಜಿಗಿಂತ ಅದು ಉಪಯೋಗಕ್ಕೆ ಬರುತ್ತದೆ.

ಅನುದಾನ ಪಡೆಯದ ಖಾಸಗಿ ಶಾಲೆಗೆ ಎಸ್‌ಡಿಎಂಸಿಯಂಥ ಸಮಿತಿ ಕಡ್ಡಾಯ ಇಲ್ಲ, ಆದ್ದರಿಂದ ನಿಮಗೆ ಅಲ್ಲಿ ಕುರ್ಚಿ ಇಲ್ಲ. ಫೀಸು ಕಟ್ಟುವವರಾಗಿ ಕೇಳುವ ಮಾತು ಮಾತ್ರ ಇದೆ. ವಿಜ್ಞಾನಕ್ಕೆ ಈಗ ಯಾರಿದ್ದಾರೆ, ಅವರ ಓದು ಏನು, ಬಿಟ್ಟುಹೋದ ಪಾಠ ಯಾವಾಗ ಮುಗಿಸುತ್ತೀರಿ ಅಂತ ನಾಲ್ಕೈದು ಜನ ಸೇರಿ ಆಡಳಿತ ಮಂಡಳಿಗೆ ಬರೆಯಿರಿ, ಉತ್ತರ ಬರಹದಲ್ಲೇ ಕೇಳಿ. ಪ್ರಿನ್ಸಿಪಾಲರು ದುಡ್ಡು ತಿಂದಿದ್ದಾರೆ ಅಂತ ಗ್ರೂಪಿನಲ್ಲಿ ಬರೆಯುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಮಾನನಷ್ಟಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಐಪಿಸಿ ಬದಲಿಗೆ ಬಂದದ್ದು) 356ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಶಿಕ್ಷೆ ಇದೆ, ಸ್ಕ್ರೀನ್‌ಶಾಟ್ ಹೊರಗೆ ಹೋಗದ ಗ್ರೂಪು ಯಾವುದೂ ಇಲ್ಲ.

ಪ್ರಶ್ನೆ: ನನ್ನ ಮಗ ಏಳನೇ ಕ್ಲಾಸು. ಮೊನ್ನೆ ಹೆಡ್‌ಮಾಸ್ಟರು ಆಫೀಸ್ ರೂಮಿಗೆ ಕರೆದು 'ನಿಮ್ಮ ಟೀಚರ್ ಪಾಠ ಮಾಡಲ್ಲ ಅಂತ ಬರೆದುಕೊಡು' ಅಂದರಂತೆ. ಬರೆದುಕೊಟ್ಟು ಬಂದಿದ್ದಾನೆ. ಈಗ ಆ ಟೀಚರ್ ಕ್ಲಾಸಿಗೆ ಹೋಗಲು ಹೆದರುತ್ತಾನೆ.

ಉತ್ತರ: ಇದಕ್ಕೆ ನನಗೆ ಸಿಟ್ಟು ಬರುತ್ತದೆ. ದೊಡ್ಡವರ ಜಗಳಕ್ಕೆ ಹನ್ನೆರಡು ವರ್ಷದ ಹುಡುಗನ ಕೈಯಲ್ಲಿ ಪೆನ್ನು ಕೊಡುವುದು ಯಾವ ಮೇಷ್ಟರ ಕೆಲಸ? ನಾಳೆಯೇ ಎರಡು ಸಾಲು ಬರೆದು ಕೊಡಿ. 'ನಾನಿಲ್ಲದೆ ನನ್ನ ಮಗನಿಂದ ಯಾವ ಹೇಳಿಕೆಯನ್ನೂ ಬರೆಸಿಕೊಳ್ಳಬೇಡಿ, ಬರೆಸಿಕೊಂಡದ್ದನ್ನು ನಾನು ಒಪ್ಪುವುದಿಲ್ಲ.' ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಬಿಡಲಿಲ್ಲ ಅಂದರೆ ಬಿಇಒಗೆ, ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ.

ಆಮೇಲೆ ಆ ಟೀಚರನ್ನು ನೀವೇ ಹೋಗಿ ನೋಡಿ. ಮಗನನ್ನೂ ಕರೆದುಕೊಂಡು ಹೋಗಿ. 'ಅವನ ಕೈಲಿ ಬರೆಸಿದ್ದಾರೆ, ಅವನದ್ದೇನೂ ತಪ್ಪಿಲ್ಲ' ಅಂತ ಅವನ ಎದುರಿಗೇ ಹೇಳಿ. ಇಂಥ ಎಷ್ಟೋ ಚೀಟಿಗಳನ್ನು ಟೀಚರ್‌ಗಳು ನೋಡಿರುತ್ತಾರೆ, ಅರ್ಥ ಮಾಡಿಕೊಳ್ಳುತ್ತಾರೆ. ಅವನಿಗೆ ಬೇಕಾಗಿರುವುದು ಟೀಚರ್ ಬಾಯಿಂದ 'ಇರಲಿ ಬಿಡೋ, ಕ್ಲಾಸಿಗೆ ಬಾ' ಅನ್ನುವ ಮಾತು.