ಆದಿ ಕ್ರೈಸ್ತ ಬರಹಗಳು ಮಧ್ಯಯುಗದ ದೈವಶಾಸ್ತ್ರವನ್ನು ಹೇಗೆ ರೂಪಿಸಿದವು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್. ಅದು ತಪ್ಪೇನಲ್ಲ. ಕ್ರಿ.ಶ. 430ರಲ್ಲಿ ತೀರಿಕೊಂಡ ಆತನ ಮಾತುಗಳೇ 12ನೆಯ ಶತಮಾನದಲ್ಲಿ ಪೀಟರ್ ಲೊಂಬಾರ್ಡ್ ಸಂಕಲಿಸಿದ ಪಠ್ಯದ ತುಂಬ ಇವೆ. ಮುಂದೆ ವಿಶ್ವವಿದ್ಯಾಲಯಗಳಲ್ಲಿ ದೈವಶಾಸ್ತ್ರ ಕಲಿತವರೆಲ್ಲ ಆ ಪಠ್ಯದ ಮೇಲೆಯೇ ಪಾಠ ಹೇಳಬೇಕಾಗಿತ್ತು. ಆದರೂ ನಾನು ಇನ್ನೊಂದು ಉದಾಹರಣೆಯನ್ನು ಆರಿಸಿಕೊಳ್ಳುತ್ತೇನೆ. ಹಳೆಯ ಬರಹವೊಂದು ಮುಂದಿನವರ ಮೇಲೆ ಅಧಿಕಾರ ಪಡೆಯುವ ಬಗೆ ಅದರಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಅಥೆನ್ಸಿನಲ್ಲಿ ಕ್ರಿಸ್ತನ ಅಪೊಸ್ತಲ ಪೌಲನ ಉಪದೇಶ ಕೇಳಿ ನಂಬಿದವರಲ್ಲಿ ಅರಿಯೊಪಾಗವೆಂಬ ನ್ಯಾಯಸಭೆಯ ಡಯೊನೀಸಿಯಸ್ ಒಬ್ಬನೆಂದು ಬೈಬಲಿನ ಹೊಸ ಒಡಂಬಡಿಕೆಯ 'ಅಪೊಸ್ತಲರ ಕೃತ್ಯಗಳ' 17ನೆಯ ಅಧ್ಯಾಯ ಹೇಳುತ್ತದೆ. ಸುಮಾರು ಕ್ರಿ.ಶ. 500ರ ಹೊತ್ತಿಗೆ ಯಾರೋ ಒಬ್ಬ ಲೇಖಕ ಈ ಹೆಸರಿನ ಮರೆಯಲ್ಲಿ ನಿಂತು, ದೈವನಾಮಗಳು, ದೇವದೂತರ ಶ್ರೇಣಿಗಳು ಮೊದಲಾದ ವಿಷಯಗಳ ಕುರಿತು ಗ್ರೀಕಿನಲ್ಲಿ ನಾಲ್ಕು ಗ್ರಂಥಗಳನ್ನೂ 10 ಪತ್ರಗಳನ್ನೂ ಬರೆದ. 532ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚರ್ಚೆಯೊಂದರಲ್ಲಿ ಇವನ್ನು ಆಧಾರವಾಗಿ ತಂದಾಗ, ಇವು ನಿಜವಾಗಿದ್ದರೆ ಹಿಂದಿನ ಸಭಾಪಿತೃಗಳ (ಆದಿ ಕ್ರೈಸ್ತ ಸಭೆಯ ಮಾನ್ಯ ಗುರು-ಲೇಖಕರ) ಕಣ್ಣಿಗೆ ಬೀಳದೆ ಹೇಗಿದ್ದವು ಎಂದು ಎಫೆಸದ ಬಿಷಪ್ ಹಿಪಾಟಿಯಸ್ ಕೇಳಿದ. ಆ ಶಂಕೆಗೆ ಯಾರೂ ಹೆಚ್ಚು ಕಿವಿಗೊಡಲಿಲ್ಲ. ಪೌಲನ ನೇರ ಶಿಷ್ಯನ ಬರಹವೆಂಬ ನಂಬಿಕೆಯೇ ಅವಕ್ಕೆ ಬೇರೆ ಯಾವ ಸಭಾಪಿತೃವಿಗೂ ಇಲ್ಲದ ಗೌರವ ತಂದಿತು.

827ರಲ್ಲಿ ಬೈಜಾಂಟಿಯಂ ಚಕ್ರವರ್ತಿ ಕಳಿಸಿದ ಹಸ್ತಪ್ರತಿಯೊಂದು ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಮಠಕ್ಕೆ ಬಂದಿತು. ತಮ್ಮ ಮಠದ ಸಂತನೂ ಈ ಡಯೊನೀಸಿಯಸನೂ ಒಬ್ಬನೇ ಎಂಬುದು ಅಲ್ಲಿನವರ ವಾದ. ಮಠಾಧಿಪತಿ ಹಿಲ್ಡುವಿನ್ ಮಾಡಿಸಿದ ಲ್ಯಾಟಿನ್ ಅನುವಾದ ತೊಡಕಾಗಿದ್ದುದರಿಂದ, 860ರ ದಶಕದ ಹೊತ್ತಿಗೆ ಐರಿಷ್ ವಿದ್ವಾಂಸ ಎರಿಯುಗೆನಾ ಹೊಸದಾಗಿ ಅನುವಾದಿಸಿದ.

ಈ ಬರಹಗಳ ತಿರುಳು ಇಷ್ಟು: ದೇವರನ್ನು ಒಳಿತು, ಬೆಳಕು, ಇರವು ಎಂದು ಕರೆಯಬಹುದು, ಆದರೆ ಆತ ಅವೆಲ್ಲವನ್ನೂ ಮೀರಿದವನಾದ್ದರಿಂದ ಆ ಹೆಸರುಗಳನ್ನು ಮತ್ತೆ ನಿರಾಕರಿಸಬೇಕು. (ಉಪನಿಷತ್ತಿನ 'ನೇತಿ ನೇತಿ' ನೆನಪಾಗುವುದು ಸಹಜ; ಆದರೆ ಹೋಲಿಕೆಯನ್ನೇ ಸಂಬಂಧವೆಂದು ತಿಳಿಯಬೇಕಾಗಿಲ್ಲ.) 13ನೆಯ ಶತಮಾನದಲ್ಲಿ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ದೈವನಾಮಗಳ ಗ್ರಂಥಕ್ಕೆ ವ್ಯಾಖ್ಯಾನ ಬರೆದ, ಆದರೆ ಅದನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. 'ಒಳ್ಳೆಯವನು' ಎಂಬ ಮಾತು ದೇವರಿಗೆ ನಿಜವಾಗಿಯೇ ಸಲ್ಲುತ್ತದೆ, ಸೋಲುವುದು ನಮ್ಮ ಮಾತು ಅರ್ಥ ಕೊಡುವ ರೀತಿ ಮಾತ್ರ ಎಂದು ಅವನು ವಿಂಗಡಿಸಿದ. ನನ್ನ ದೃಷ್ಟಿಯಲ್ಲಿ ಪ್ರಭಾವವೆಂದರೆ ಇದು: ಬಿಟ್ಟುಹಾಕಲಾಗದಷ್ಟು ದೊಡ್ಡ ಹಿರಿಯನ ಮಾತಿನೊಂದಿಗೆ ಗುದ್ದಾಡುತ್ತಲೇ ಹೊಸ ವಿಚಾರ ಕಂಡುಕೊಳ್ಳುವುದು. ದೇವದೂತರ ಒಂಬತ್ತು ದರ್ಜೆಗಳ ವಿಷಯದಲ್ಲಂತೂ ಅಧಿಕಾರ ಇನ್ನೂ ಗಟ್ಟಿಯಾಗಿತ್ತು. ಡಯೊನೀಸಿಯಸನಿಗಿಂತ ಬೇರೆ ಕ್ರಮ ಹೇಳಿದ್ದ ಪೋಪ್ ಗ್ರೆಗರಿ, ಸ್ವರ್ಗದಲ್ಲಿ ಕಣ್ತೆರೆದಾಗ ತನ್ನ ತಪ್ಪಿಗೆ ತಾನೇ ನಕ್ಕನೆಂದು ಇಟಲಿಯ ಕವಿ ಡಾಂಟೆ ಬರೆಯುತ್ತಾನೆ.

ಈ ಲೇಖಕ 485ರಲ್ಲಿ ತೀರಿಕೊಂಡ ಗ್ರೀಕ್ ತತ್ತ್ವಜ್ಞಾನಿ ಪ್ರೊಕ್ಲಸನಿಂದ ಎತ್ತಿಕೊಂಡದ್ದನ್ನು ಇಬ್ಬರು ಜರ್ಮನ್ ವಿದ್ವಾಂಸರು 1895ರಲ್ಲಿ ತೋರಿಸಿಕೊಟ್ಟರು; ಹಾಗಾದರೆ ಆತ ಪೌಲನ ಶಿಷ್ಯನಾಗಿರಲು ಸಾಧ್ಯವಿಲ್ಲ. ವಿಚಿತ್ರವೆಂದರೆ, 1268ರಲ್ಲಿ ಪ್ರೊಕ್ಲಸನ ಮುಖ್ಯ ಗ್ರಂಥವೊಂದು ಲ್ಯಾಟಿನ್ನಿಗೆ ಬಂದಾಗ, ಅರಿಸ್ಟಾಟಲನದೆಂದು ಪ್ರಚಲಿತವಾಗಿದ್ದ ಮತ್ತೊಂದು ಕೃತಿ ಅದರಿಂದಲೇ ತೆಗೆದದ್ದೆಂದು ಅಕ್ವಿನಾಸ್ ಗುರುತಿಸಿದ್ದ. ಆ ಕೃತಿಗೆ ಬರೆದ ವ್ಯಾಖ್ಯಾನದಲ್ಲಿ ಪ್ರೊಕ್ಲಸನನ್ನೂ ಡಯೊನೀಸಿಯಸನನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿಯೂ, ಎರಡನೆಯವನ ಹೆಸರನ್ನು ಮಾತ್ರ ಅವನು ಶಂಕಿಸಲಿಲ್ಲ.