ಬ್ಯಾಟರಿ ನೇಲ್ ಗನ್‌ನ ಬ್ಲೇಡ್ ತುದಿ ಮುರಿದಿದೆ, ವೆಲ್ಡಿಂಗ್ ಮಾಡಿಸಬಹುದಾ?

ವೆಲ್ಡಿಂಗ್ ಬೇಡ. ತೀರ್ಥಹಳ್ಳಿಯಿಂದ ಸರ್ವಿಸ್ ಸೆಂಟರ್ ದೂರ, ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಯಾರ ಹತ್ತಿರವಾದರೂ ಬೆಸುಗೆ ಹಾಕಿಸುತ್ತೇನೆ ಅಂತ ಬರೆದಿದ್ದೀರಿ. ಅಲ್ಲಿನವರ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ತೊಂದರೆ ಇರುವುದು ಉಕ್ಕಿನಲ್ಲಿ.

ಮೊಳೆಗೆ ಹೊಡೆಯುವ ಆ ಬ್ಲೇಡ್ ಹದ ಕೊಟ್ಟ ಉಕ್ಕು. ಬೆಸುಗೆಯ ಶಾಖ ತಗುಲಿದ ಕಡೆ ಹದ ಕೆಡುತ್ತದೆ. ಒಂದು ಕಡೆ ಮೆತ್ತಗಾಗುತ್ತದೆ, ಅದರ ಪಕ್ಕದಲ್ಲೇ ಗಾಜಿನ ಹಾಗೆ ಪೆಡಸಾಗುತ್ತದೆ. ನೋಡಲು ಗಟ್ಟಿಯಾಗಿಯೇ ಇರುತ್ತದೆ, ಆದರೆ ಹೊಡೆತ ಬಿದ್ದಂತೆ ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ. ಆಗ ಮುರಿದ ಚೂರು ಮೊಳೆ ಜೊತೆ ಮೂತಿಯಿಂದ ಹಾರಿ ಬರಬಹುದು. ಉಳಿಸುವ ದುಡ್ಡಿಗೆ ಕಣ್ಣು ಪಣಕ್ಕಿಡಬೇಕಾ?

ತುದಿ ಬರೀ ಸವೆದು ದುಂಡಗಾಗಿದ್ದರೆ ಮಾತು ಬೇರೆ. ಗ್ರೈಂಡರ್‌ನಲ್ಲಿ ಸ್ವಲ್ಪ ಸ್ವಲ್ಪವೇ ಉಜ್ಜಿ ಚಪ್ಪಟೆ ಮಾಡಬಹುದು. ಪದೇ ಪದೇ ನೀರಿಗೆ ಅದ್ದುತ್ತಿರಿ. ತುದಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು. ಒಂದು ಮಿಲಿಮೀಟರ್ ಕಡಿಮೆಯಾದರೆ ಮೊಳೆ ಎಷ್ಟು ಆಳಕ್ಕೆ ಇಳಿಯಬೇಕು ಅಂತ ಹೊಂದಿಸುವ ಡೆಪ್ತ್ ಚಕ್ರ ತಿರುಗಿಸಿ ಸರಿ ಮಾಡಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಮುರಿದಿದ್ದರೆ ಹೊಸ ಬ್ಲೇಡೇ ಗತಿ.

ಆದರೆ ಬಿಚ್ಚುವ ಮೊದಲು ನಿಮ್ಮ ಗನ್ ಯಾವ ಜಾತಿಯದು ಅಂತ ತಿಳಿಯಬೇಕು. ಮೂತಿ ಒತ್ತಿದ ತಕ್ಷಣ ಮೋಟಾರ್ ಗುಂಯ್ ಎಂದು ವೇಗ ಹಿಡಿದು, ಹೊಡೆದ ಮೇಲೂ ಸ್ವಲ್ಪ ಹೊತ್ತು ತಿರುಗುತ್ತಿದ್ದರೆ ಅದು ಫ್ಲೈವೀಲ್ ಗನ್, ಅಂದರೆ ವೇಗವಾಗಿ ತಿರುಗುವ ಭಾರದ ಚಕ್ರದ ಬಲದಿಂದ ಹೊಡೆಯುವಂಥದ್ದು. ನೀವು ಹೇಳಿದ ಸದ್ದು ಇದೇ ಅನಿಸುತ್ತದೆ. ಟ್ರಿಗರ್ ಒತ್ತಿದ ಕ್ಷಣವೇ ಹೊಡೆಯುವ ಗನ್‌ಗಳ ಒಳಗೆ ಸಾಮಾನ್ಯವಾಗಿ ಗಾಳಿ ಅಥವಾ ನೈಟ್ರೋಜನ್ ತುಂಬಿದ ಸಿಲಿಂಡರ್ ಇರುತ್ತದೆ. ಬ್ಯಾಟರಿ ತೆಗೆದರೂ ಆ ಒತ್ತಡ ಹೋಗುವುದಿಲ್ಲ. ಅಂಥದ್ದನ್ನು ಮನೆಯಲ್ಲಿ ಬಿಚ್ಚಬೇಡಿ, ಕೊರಿಯರ್ ಮಾಡಿಯಾದರೂ ಸರ್ವಿಸ್ ಸೆಂಟರ್‌ಗೆ ಕಳಿಸಿ. ಮೊದಲು ಕೇಳಿಕೊಂಡು ಕಳಿಸಿ, ಒತ್ತಡ ತುಂಬಿದ ಮಾಲು ಅಂತ ಕೊರಿಯರ್‌ನವರು ತಕರಾರು ತೆಗೆಯಬಹುದು.

ಫ್ಲೈವೀಲ್ ಆದರೆ ಬ್ಯಾಟರಿ ಮತ್ತು ಮೊಳೆ ಎರಡೂ ತೆಗೆದು, ಒಂದೊಂದು ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳುತ್ತಾ ಬಿಚ್ಚಿ. ಬ್ಲೇಡನ್ನು ವಾಪಸ್ ಎಳೆಯುವ ಸ್ಪ್ರಿಂಗ್ ಅಥವಾ ರಬ್ಬರ್ ಜೋಡಿಯನ್ನೂ, ಕೆಳಗಿನ ಬಂಪರ್ ರಬ್ಬರನ್ನೂ ನೋಡಿ. ಬಂಪರ್ ಹರಿದಿದ್ದರೆ ಬ್ಲೇಡ್ ಪ್ರತಿ ಸಲವೂ ಕಬ್ಬಿಣಕ್ಕೆ ಬಡಿಯುತ್ತದೆ. ಅದನ್ನು ಬಿಟ್ಟು ಬರೀ ಬ್ಲೇಡ್ ಬದಲಿಸಿದರೆ ಅದೂ ಮುರಿಯುತ್ತದೆ. ಆರ್ಡರ್ ಮಾಡುವಾಗ ಲೇಬಲ್ ಮೇಲಿನ ಮಾಡೆಲ್ ನಂಬರ್ ಜೊತೆ ಟೈಪ್ 1, ಟೈಪ್ 2 ಅಂತ ಏನಾದರೂ ಇದ್ದರೆ ಅದನ್ನೂ ಕೊಡಿ. ಒಂದೇ ಮಾಡೆಲ್‌ನಲ್ಲೂ ಬಿಡಿಭಾಗ ಬೇರೆ ಇರುತ್ತದೆ.

ಎಣ್ಣೆ ವಿಚಾರ. ಕಂಪ್ರೆಸರ್ ಗನ್‌ಗೆ ದಿನಾ ಎರಡು ಹನಿ ಬಿಟ್ಟು ರೂಢಿಯಾದವರು ಇದಕ್ಕೂ ಬಿಡುತ್ತಾರೆ. ಫ್ಲೈವೀಲ್ ಕೆಲಸ ಮಾಡುವುದೇ ಬ್ಲೇಡನ್ನು ಉಜ್ಜಿ ಹಿಡಿದು ತಳ್ಳುವುದರಿಂದ. ಎಣ್ಣೆ ತಗುಲಿದರೆ ಅದು ಜಾರುತ್ತದೆ, ಮೊಳೆ ಅರ್ಧಕ್ಕೇ ನಿಲ್ಲುತ್ತದೆ. ಮಳೆಗಾಲದಲ್ಲಿ ತುಕ್ಕು ಬರುತ್ತೆ ಅಂತ ಎಣ್ಣೆ ಹಚ್ಚುವುದೂ ಬೇಡ. ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಇನ್ನು ಅದು ಮುರಿದಿದ್ದು ಯಾಕೆ? ಹಳೇ ಮತ್ತಿ ಮರದ ರೀಪಿಗೆ ಎಫ್ 50 (50 ಮಿಲಿಮೀಟರ್ ಉದ್ದದ) ಮೊಳೆ ಹೊಡೆಯುತ್ತಿದ್ದೆ ಅಂದಿದ್ದೀರಲ್ಲ, ನನ್ನ ಅನುಮಾನ ಅಲ್ಲೇ. ಒಣಗಿದ ಮತ್ತಿ ಕಲ್ಲಾಗಿರುತ್ತದೆ. ಆ ತೆಳು ಮೊಳೆ ಬಗ್ಗಿ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಮುಂದಿನ ಹೊಡೆತ ಅದರ ಮೇಲೇ ಬೀಳುತ್ತದೆ. ಹೊಸ ಬ್ಲೇಡ್ ಹಾಕಿದ ಮೇಲೆ ಕನ್ನಡಕ ಹಾಕಿಕೊಂಡು, ಸಿಲ್ವರ್ ಓಕ್‌ನಂಥ ಮೆತ್ತನೆ ತುಂಡಿನ ಮೇಲೆ ಎಫ್ 30 ಹೊಡೆದು ನೋಡಿ. ಮತ್ತಿಗೆ ಮಾತ್ರ ಡ್ರಿಲ್ ಮಾಡಿ ಸ್ಕ್ರೂ ಹಾಕಿ, ಗನ್ ಬೇಡ.